ಚುಕ್ಕಿ ಇಲ್ಲದ ಜಾಗ

ಆಮೆಯ ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ,
ಸ್ಪಿರಿಟಿನಲ್ಲಿ ಒರೆಸಿ, ಅಂಟು ಕಲಸಿ
ಸೋಪಿನ ಗಾತ್ರದ ಯಂತ್ರವೊಂದನ್ನು ಕೂರಿಸಿದೆವು.
ಪೊರಕೆಕಡ್ಡಿಯಂಥ ಅದರ ಆಂಟೆನಾ
ಗಾಳಿಗೆ ತೂಗುತ್ತಿತ್ತು.
ಅಂಟು ಗಟ್ಟಿಯಾಗುವ ತನಕ ಎರಡು ತಾಸು
ಅವಳ ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿ ಕೂತವಳು ನಾನು,
ಅಂತಾನಾನಾರಿವೋ ಬೆಟ್ಟದವಳು, ಈಜು ಬಾರದವಳು.

ಹೆಸರಿಡಬೇಡ ಎಂದಿದ್ದರು ಮೇಷ್ಟ್ರು.
ಇಡಲಿಲ್ಲ. ಹದಿನಾಲ್ಕು ಎಂದೇ ಕರೆದೆ,
ಕರೆದು ಕರೆದು ಅದೇ ಹೆಸರಾಯಿತು.

ನೀರಿನೊಳಗಿಂದ ಉಪಗ್ರಹಕ್ಕೆ ಏನೂ ಕೇಳಿಸದು.
ಅವಳು ಉಸಿರಿಗೆಂದು ಮೇಲೆ ಬಂದಾಗ ಮಾತ್ರ,
ತಲೆ ಎತ್ತಿ, ಫುಸ್ಸೆಂದು ಬಿಟ್ಟು, ಎಳೆದುಕೊಂಡು
ಮತ್ತೆ ಮುಳುಗುವ ಆ ಮೂರು ಕ್ಷಣಗಳಲ್ಲಿ
ಒಂದು ಚುಕ್ಕಿ.
ದಾರಿ ಎನ್ನುತ್ತಿದ್ದೆವು ನಾವು.
ಅದು ದಾರ, ಉಸಿರು ಪೋಣಿಸಿದ್ದು.

ಜೂನ್ ಒಂಬತ್ತರ ಬೆಳಗ್ಗೆ
ಚುಕ್ಕಿ ಬಿಟ್ಟೂಬಿಡದೆ ಬರತೊಡಗಿತು.
ನಿಮಿಷಕ್ಕೊಂದು. ಹಗಲೂ ಇರುಳೂ.
ಹೊಸದಾಗಿ ಸೇರಿದ ಹುಡುಗ ಚಪ್ಪಾಳೆ ತಟ್ಟಿದ.
ನಾನು ಎದ್ದು ಹೊರಗೆ ಹೋದೆ.
ಕಡಲಿನ ಜೀವ ಬಿಡುವಿಲ್ಲದೆ ಉಸಿರಾಡಿದರೆ
ಸತ್ತಿದೆ ಎಂದರ್ಥ.

ಸತ್ತವಳು ನಡೆಯುತ್ತಿದ್ದಳು.
ದಂಡೆ ಹತ್ತಿ, ಊರೊಳಗೆ ಹೊಕ್ಕು,
ಒಂದೇ ಗುಡಿಸಿಲಿನ ಸುತ್ತ
ದಿನವಿಡೀ ಹಿಂದಕ್ಕೂ ಮುಂದಕ್ಕೂ.

ಎರಡು ದಿನ ಜೀಪು, ಅರ್ಧ ದಿನ ಹಾಯಿದೋಣಿ,
ದೋಣಿಯುದ್ದಕ್ಕೂ ವಾಂತಿ.
ವೆಜೊ ಮಂದಿಯ ಊರು. ಅಂಗಳದಲ್ಲಿ
ಐದು ವರ್ಷದ ಸೊವಾತಾಹಿ
ಯಂತ್ರಕ್ಕೆ ಬಲೆಯ ನೂಲು ಕಟ್ಟಿ,
ಆಂಟೆನಾಕ್ಕೆ ಚಿಂದಿಯ ಹಾಯಿ ಸಿಕ್ಕಿಸಿ
ಮರಳಲ್ಲಿ ದೋಣಿ ಎಳೆಯುತ್ತಿದ್ದಳು.

ಅಜ್ಜ ತ್ಸಿವೆರಿ. ಆ ಹೆಸರಿಗೆ
ಕಳೆದುಹೋಗದವನು ಎಂದರ್ಥವಂತೆ.
"ಹೌದು, ಈಟಿ ಹಾಕಿದ್ದು ನಾನೇ" ಎಂದ.
ಮುಚ್ಚಿಡಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ.
ಬೇಲಿಯ ಬಳಿ, ಮರದ ಅಟ್ಟಣಿಗೆಯ ಮೇಲೆ,
ಕಡಲಿಗೆ ಮುಖ ಮಾಡಿದ ತಲೆಬುರುಡೆಗಳ ಸಾಲು.
"ತಿಂದದ್ದಕ್ಕೆ ಲೆಕ್ಕ ಇಡಬೇಕಲ್ಲ.
ನಿನ್ನ ಹತ್ತಿರ ಎಷ್ಟಿವೆ?"
"ಹದಿನಾಲ್ಕು" ಎಂದೆ. "ಈಗ ಹದಿಮೂರು."

ನಕ್ಷೆ ಬಿಡಿಸಿದೆ. ಮೂಲೆಗಳಿಗೆ ಅವನೇ ಕವಡೆ ಇಟ್ಟ.
ಚುಕ್ಕಿ ದಟ್ಟವಾಗಿರುವಲ್ಲಿ ಕೆಂಪು ಗೆರೆ:
ಇದರೊಳಗೆ ಬಲೆ ಇಲ್ಲ, ಈಟಿ ಇಲ್ಲ, ಹಡಗಿಲ್ಲ,
ಸರ್ಕಾರದ ಮೊಹರಿಗೆ ಕಾದಿದ್ದ ಗೆರೆ.
ಬಹಳ ಹೊತ್ತು ನೋಡಿ
ಏನೂ ಇಲ್ಲದ ಬಿಳಿಯ ಮೇಲೆ ಬೆರಳಿಟ್ಟ.
"ಇದನ್ನು ಯಾಕೆ ಬಿಟ್ಟೆ?"
"ಅಲ್ಲಿಗೆ ಅವು ಹೋಗೋದಿಲ್ಲ."
ನಕ್ಕ. ಹಲ್ಲು ಮೂರು.
"ಅಲ್ಲಿ ಅವು ಮಲಗ್ತಾವೆ, ಮಗಳೇ.
ಬಂಡೆಯಡಿ ತಲೆ ಹುದುಗಿಸಿ ಬಿದ್ದುಕೊಂಡರೆ
ಅನ್ನ ಬೆಂದು, ಊಟ ಮುಗಿದು, ಪಾತ್ರೆ ತೊಳೆದರೂ ಮೇಲೆ ಬರೋಲ್ಲ.
ನಿನ್ನ ಆಕಾಶಕ್ಕೆ ಎಚ್ಚರ ಕಾಣತ್ತೆ, ನಿದ್ದೆ ಕಾಣೋಲ್ಲ.
ದೊಡ್ಡ ಹಡಗುಗಳಿಗೆ ಕಾಣತ್ತೆ.
ಅಮಾವಾಸ್ಯೆ ತನಕ ಇರು, ದೀಪ ಎಣಿಸುವೆಯಂತೆ."

ಇದ್ದೆ. ಎಣಿಸಿದೆ. ಒಂಬತ್ತು.

ಹೊರಡುವಾಗ ಯಂತ್ರ ಕೇಳಿದ್ದಕ್ಕೆ ಸೊವಾತಾಹಿ ಅತ್ತಳು.
ಬ್ಯಾಟರಿ ಸತ್ತ ಹಳೆಯದೊಂದನ್ನು ಕೈಗಿಟ್ಟೆ.
"ಇದು ಆಕಾಶಕ್ಕೆ ಕೇಳಿಸತ್ತಾ?"
"ಇಲ್ಲ."
"ಹಾಗಾದ್ರೆ ಬಚ್ಚಿಟ್ಕೋಬಹುದು" ಎಂದು ಓಡಿದಳು.

ಗೆರೆ ತಿದ್ದಲು ಏಳು ತಿಂಗಳು ಹಿಡಿಯಿತು.
ಬಿಳಿ ಜಾಗ ಒಳಗೆ ಬಂತು.
ಅದರ ಜೊತೆಗೇ ತ್ಸಿವೆರಿ ಮೀನು ಹಿಡಿಯುವ
ಎರಡು ದಿಬ್ಬಗಳೂ ಒಳಗೆ ಬಂದವು.
ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ.

ಮೊನ್ನೆ ಅದೇ ಯಂತ್ರ
ಹದಿನೈದರ ಬೆನ್ನೇರಿ ನೀರಿಗಿಳಿಯಿತು,
ನೂಲು ಕಟ್ಟಿದ್ದ ಕಡೆ ಒಂದು ಗೀರು ಹಾಗೇ ಇತ್ತು.
ಇವತ್ತು ಬೆಳಗ್ಗೆಯಿಂದ ಚುಕ್ಕಿಯಿಲ್ಲ.
ಹುಡುಗ ತಂತಿ ಅಲುಗಿಸುತ್ತಾನೆ, ಪರದೆ ತಟ್ಟುತ್ತಾನೆ.
ಬಿಡೋ, ಎನ್ನುತ್ತೇನೆ,
ಯಾಕೋ ದನಿ ತಗ್ಗಿಸಿ.
ಮಲಗಿರಬಹುದು.