ಎರಡು ಪರ್ಸೆಂಟ್

ಚಿನ್ನ ಹಳದಿಯೆಂದು ಯಾರು ಹೇಳಿದ್ದು?
ಇಷ್ಟು ಸಣ್ಣಗೆ ಚೂರಾದರೆ ಅದು
ಪುನರ್ಪುಳಿ ಶರಬತ್ತಿನ ಬಣ್ಣ.
ಸೀಸೆಯನ್ನು ಫೋನಿನಲ್ಲಿ ಅಮ್ಮನಿಗೆ ತೋರಿಸಿದ್ದೆ;
"ಏತ್ ಪವನ್ ಉಂಡು?" ಅಂದಳು.

ಪವನಿನ ಲೆಕ್ಕಕ್ಕೆ ಸಿಗದ ಒಂದೊಂದು ಕಣದ ಮೈಗೂ
ಹಗ್ಗ ಬಿಗಿದು ಕಟ್ಟಿದ್ದೇನೆ ದೀಪ.
ಚಿನ್ನ ಮಗ್ಗುಲಲ್ಲಿರುವ ತನಕ
ದೀಪ ತುಟಿ ಬಿಚ್ಚುವುದಿಲ್ಲ.
ಜೀವಕೋಶದೊಳಗಿನ ಆ ಒಂದು ಕಿಣ್ವ,
ನಾವು ಹುಡುಕುತ್ತಿರುವ ಕತ್ತಿ,
ಬಂದು ಹಗ್ಗ ಕೊಯ್ದರೆ ಮಾತ್ರ
ಅದು ದೂರ ಸರಿದು ಉರಿಯುತ್ತದೆ:
ಇಲ್ಲುಂಟು, ಇಲ್ಲೇ, ಈಗ.

ಮಣಿಪಾಲದ ನೆಲಮಾಳಿಗೆ. ರಾತ್ರಿ ಹನ್ನೊಂದು.
ಬಾಗಿಲಿಗೆ ಕಪ್ಪು ಪರದೆ. ತಟ್ಟೆಯಲ್ಲಿ
ಮೂವತ್ತೇಳು ಡಿಗ್ರಿಯ ಬೆಚ್ಚಗೆಯಲ್ಲಿ ಕೋಶಗಳು,
ಯಾರದೋ ಮೊಲೆಯ ಗಡ್ಡೆಯಿಂದ ಬಂದು
ಆ ಯಾರೋ ಹೋದ ಮೇಲೂ ಬದುಕಿರುವವು.

ಮೊದಮೊದಲು ಲೇಸರನ್ನು ಪೂರ್ತಿ ಏರಿಸುತ್ತಿದ್ದೆ.
ಎಂಥ ಚಿತ್ರ! ಬಲೆ ಹರಿಯುವಷ್ಟು ಹಸಿರು.
ಜೆಸಿಂತಾ ಮೇಡಂ ಹಿಂದೆ ನಿಂತು ನೋಡಿ
"ಚಂದ ಉಂಟು ಮಾರಾಯ್ತಿ, ಆದರೆ ಸಾಯ್ತಾ ಉಂಟಲ್ಲ" ಎಂದರು.
ಹೌದು. ಅಂಚೆಲ್ಲ ಗುಳ್ಳೆ ಗುಳ್ಳೆ,
ಕುದಿಯುವ ಗಂಜಿಯ ಹಾಗೆ.
ನಾಲ್ಕು ತಿಂಗಳು ನಾನು ಅಳೆದದ್ದು
ಕಾಯಿಲೆಯ ಕತ್ತಿಯನ್ನಲ್ಲ,
ನನ್ನ ಬೆಳಕಿಗೆ ಬೆಂದವುಗಳ ಕೊನೆಯ ಗಡಿಬಿಡಿಯನ್ನು.

ಮಲ್ಪೆಯಲ್ಲಿ ವಾಮನಮಾವ ಎರಡು ವರ್ಷದಿಂದ
ಲೈಟ್ ಫಿಶಿಂಗಿನವರ ಮೇಲೆ ಕೂಗಾಡುತ್ತಿದ್ದಾರೆ.
"ನಡುರಾತ್ರಿ ಕಡಲಿಗೆ ಹಗಲು ಹುಟ್ಟಿಸಿ
ಮರಿ ಬೂತಾಯಿಯನ್ನೂ ಬಾಚುವುದು,
ಅದಕ್ಕೆ ಮೀನು ಹಿಡಿಯುವುದು ಅಂತಾರಾ?"
ಅವರ ನಾಡದೋಣಿ ಬರಿದೇ ಬಂದ ದಿನ
ಊಟಕ್ಕೆ ಕೂತು ನಾನೂ ತಲೆಯಾಡಿಸಿದ್ದೆ.
ನನ್ನದೂ ಒಂದು ಲೈಟ್ ಇದೆ ಎಂದು
ಹೇಳಲಿಲ್ಲ. ಸಾರು ಚೆನ್ನಾಗಿದೆ ಎಂದೆ.

ಈಗ ಎರಡು ಪರ್ಸೆಂಟ್.
ಪರದೆ ಬಹುತೇಕ ಕತ್ತಲು,
ಅಲ್ಲಲ್ಲಿ ಹೊಯ್ಗೆ ಎರಚಿದ ಹಾಗೆ ಕಾಳು ಕಾಳು.
ಮೂರು ನಿಮಿಷಕ್ಕೊಮ್ಮೆ ಶಟರ್ ತೆರೆದು ಒಂದು ನೋಟ,
ಮತ್ತೆ ರೆಪ್ಪೆ ಮುಚ್ಚಿಕೊಳ್ಳುತ್ತದೆ.
ಒಂದು ಗಂಟೆ, ಏನೂ ಇಲ್ಲ.
ಎರಡು ಗಂಟೆ, ಎ.ಸಿ.ಯ ಗೊಣಗಾಟ,
ಬಾಟಲಿಯಲ್ಲಿ ಆರಿದ ಚಾ.

ಆಮೇಲೆ ಎಡಮೂಲೆಯ ಕೋಶದಲ್ಲಿ ಒಂದು ಚುಕ್ಕೆ.
ಧೂಳೂ ಇರಬಹುದು.
ಗುಂಡಿಯ ಮೇಲೆ ಬೆರಳಿತ್ತು, ಕೊಂಚ ಏರಿಸಿದರೆ
ಗೊತ್ತಾಗಿಬಿಡುತ್ತಿತ್ತು. ಏರಿಸಲಿಲ್ಲ.
ಮುಂದಿನ ನೋಟಕ್ಕೆ ಅದು ಅಲ್ಲೇ ಇತ್ತು,
ಅದರಾಚಿನ ನೋಟಕ್ಕೆ ಅಕ್ಕಿ ಕಾಳಿನಷ್ಟು,
ಮತ್ತು ಪಕ್ಕದ ಕೋಶ, ಯಾರೂ ಕೇಳದಿದ್ದರೂ,
ನಡು ಸಣ್ಣ ಮಾಡಿಕೊಂಡು ಎರಡಾಯಿತು.

ಪುಸ್ತಕದಲ್ಲಿ ಬರೆದೆ:
ಒಂದು ನಲವತ್ತು. ಮಸುಕು. ಬದುಕಿವೆ.