ಎರಡು ಕಡ್ಡಿ

ಮೂವತ್ತೊಂದು ವರ್ಷ ಸವಾನ್ನಾದ ಅಂಚೆ ಕಚೇರಿಯಲ್ಲಿ
ವಿಳಾಸ ಸರಿಯಿಲ್ಲದ ಕಾಗದಗಳ ಮೇಜು ನನ್ನದು.
ಅರ್ಧ ಹೆಸರು, ಇಲ್ಲದ ಬೀದಿ, ನೀರು ಬಿದ್ದು ಹರಡಿದ ಶಾಯಿ.
ಒಮ್ಮೆ ಬರೀ 'ಸೇತುವೆ ಹತ್ತಿರದ ಕುಂಟ ದರ್ಜಿಗೆ'.
ಅದನ್ನೂ ಮುಟ್ಟಿಸಿದೆ.

ನಿವೃತ್ತಿಗೆ ಕೊಟ್ಟ ಗಡಿಯಾರ ಒಂದೇ ವಾರಕ್ಕೆ ನಿಂತಿತು.
ಆಮೇಲೊಂದು ದಿನ ಗಾಜಿನ ಕೊಳವೆಗೆ ಉಗುಳಿ
ಮುಚ್ಚಳ ಬಿಗಿದು
ನನ್ನನ್ನೇ ಅಂಚೆಗೆ ಹಾಕಿದೆ.
ಉತ್ತರ ಬಂತು: ಸಾವಿರದ ಇನ್ನೂರು ನೆಂಟರು.
ಒಬ್ಬರ ಮುಖವೂ ಗೊತ್ತಿಲ್ಲ.

"ಮೂಲ ಕೆದಕಬೇಡ" ಅಂದಳು ಲವೀನಿಯಾ ದೊಡ್ಡಮ್ಮ,
ತೊಂಬತ್ತೊಂದರ ಬೊಚ್ಚುಬಾಯಿಗೆ ಬೆಂಡೆಕಾಯಿ ಸಾರು ಇಳಿಸುತ್ತಾ.
"ಹೊಳೆ ಎಲ್ಲಿ ಹುಟ್ಟಿತು ಅಂತ ಮೀನು ಕೇಳುತ್ತಾ?"
ಆಮೇಲೆ ತಾನೇ ಚಮಚ ಕೆಳಗಿಟ್ಟು,
"ನಮ್ಮಜ್ಜಿಯ ಅಮ್ಮ. ಟೆಂಪಿ ಅಂತ.
ಅಷ್ಟೇ ಗೊತ್ತು."

ಹದಿನೆಂಟುನೂರ ಎಪ್ಪತ್ತರ ಜನಗಣತಿಯಲ್ಲಿ ಸಿಕ್ಕಳು:
ಟೆಂಪಿ ಮೆಕೈವರ್, ವಯಸ್ಸು ನಲವತ್ತು, ಹೊಲದ ಕೂಲಿ.
ಓದಲು ಬಾರದು, ಒಂದು ಗೀಟು.
ಬರೆಯಲು ಬಾರದು, ಇನ್ನೊಂದು ಗೀಟು.
ಐದು ಮಕ್ಕಳು. ಮನೆಯಲ್ಲಿ ಗಂಡಸಿನ ಹೆಸರಿಲ್ಲ.

ಇನ್ನು ಹತ್ತು ವರ್ಷ ಹಿಂದಕ್ಕೆ ಹೋದರೆ ಗೋಡೆ.
ಅಲ್ಲಿ ಹೆಸರಿರುವುದು ಒಡೆಯನಿಗೆ ಮಾತ್ರ.
ಅವನ ಕೆಳಗೆ ಸಾಲಾಗಿ
ಹೆಣ್ಣು, ಕಪ್ಪು, ಮೂವತ್ತು.
ಹೆಣ್ಣು, ಕಪ್ಪು, ಮೂವತ್ತು.
ಹೆಣ್ಣು, ಕಪ್ಪು, ಇಪ್ಪತ್ತೊಂಬತ್ತು.
ಮೂವರಲ್ಲಿ ಯಾರಮ್ಮಾ ನೀನು?

ಮೂವತ್ತೆಂಟು ಸೆಂಟಿಮಾರ್ಗನ್ ನನ್ನೊಡನೆ ಹಂಚಿಕೊಂಡವನು
ಮೇಕನ್ ಊರಿನ ಹಲ್ಲಿನ ಡಾಕ್ಟರು, ಥರ್ಸ್ಟನ್ ಹೇಗುಡ್.
ಬಿಳಿಯ. ಫೋಟೋದಲ್ಲಿ ದೋಣಿ, ನಾಯಿ, ಬಿಸಿಲ ಟೋಪಿ.
ಟೋಪಿಯ ಕೆಳಗಿನ ಹುಬ್ಬು ಮಾತ್ರ ನನ್ನ ತಮ್ಮನದು.
ಅದು ಹೇಗೆ ಬಂತೆಂದು ನಾನು ಅವನನ್ನು ಕೇಳಲಿಲ್ಲ,
ಅವನೂ ನನ್ನನ್ನು ಕೇಳಲಿಲ್ಲ.
ಹುಡುಕಿದರೂ ಅದಕ್ಕೆ ಮದುವೆಯ ದಾಖಲೆ ಇರುವುದಿಲ್ಲ.

ಏಳು ಸಲ ಬರೆದು ಹರಿದೆ.
'ಪ್ರಿಯ ಬಂಧುವೇ' ಅಂದದ್ದನ್ನು ಹೊಡೆದು ಹಾಕಿ
'ಮಾನ್ಯರೇ' ಅಂದೆ.

ಹನ್ನೊಂದು ವಾರ ಕಳೆದು ಕಂದು ಲಕೋಟೆ ಬಂತು.
ಬೇಕಾದ್ದಕ್ಕಿಂತ ಎರಡು ಸ್ಟ್ಯಾಂಪು ಹೆಚ್ಚು ಅಂಟಿಸಿದ್ದ.
ಒಳಗೆ ಮುತ್ತಾತನ ಅಪ್ಪನ ಲೆಕ್ಕದ ಪುಸ್ತಕದ ನಾಲ್ಕು ಹಾಳೆ,
ಜೊತೆಗೊಂದು ಚೀಟಿ:
'ಏನು ಬರೆಯಬೇಕೋ ತಿಳಿಯಲಿಲ್ಲ.'

ಹೇಸರಗತ್ತೆ ಎರಡು, ಇನ್ನೂರ ನಲವತ್ತು ಡಾಲರು.
ಒಡೆದ ಗಾಡಿ ಒಂದು, ಹನ್ನೆರಡು.
ಟೆಂಪಿ ಮತ್ತು ಕೂಸು, ಒಂಬೈನೂರು.
ಕೂಸಿಗೆ ಹೆಸರಿಲ್ಲ.
ಒಂದು 'ಮತ್ತು' ಇದೆ.

ಎದ್ದು ಹೋಗಿ ಬಟ್ಟೆ ಒಗೆದು ಬಂದೆ.

ನಾಲ್ಕನೆಯ ಹಾಳೆ ಬೂಟಿನ ಪಟ್ಟಿ.
ಚಳಿಗೆ ಮುಂಚೆ ಒಬ್ಬೊಬ್ಬರ ಪಾದದುದ್ದಕ್ಕೂ ಕಡ್ಡಿ ಮುರಿದು
ಹೆಸರು ಕಟ್ಟಿ ಮೋಚಿಗೆ ಕಳಿಸುತ್ತಿದ್ದರು.
ಕೇಟೋ, ಒಂದು ಕಡ್ಡಿ. ಜೂಬಾ, ಒಂದು ಕಡ್ಡಿ.
ಮುದುಕ ಪ್ರಿಮಸ್, ಬೂಟು ಬೇಡ, ಈ ವರ್ಷ ಉಳಿಯಲಾರ.
ಟೆಂಪಿ, ಎರಡು ಕಡ್ಡಿ. ಎಡಗಾಲು ಚಿಕ್ಕದು.

ಅಡುಗೆಮನೆಯ ದೀಪದಡಿ ಎಡಗಾಲಿನ ಶೂ ಬಿಚ್ಚಿದೆ.
ಎರಡನೇ ಕ್ಲಾಸಿನಿಂದ
ಅದರ ಮೂತಿಗೆ ಹತ್ತಿ ತುರುಕಿ ನಡೆದವಳು ನಾನು.

ಇದು ಪುರಾವೆಯಲ್ಲ, ಗೊತ್ತು.
ಎಲ್ಲರ ಕಾಲೂ ಕೂದಲೆಳೆ ಹೆಚ್ಚುಕಮ್ಮಿ ಅನ್ನುತ್ತಾನೆ ಶೂ ಅಂಗಡಿಯವನು.
ಆದರೆ ಬೆಲೆ ಕಟ್ಟುವವನಿಗೆ ಕಾಲಿನ ಗೊಡವೆ ಯಾಕೆ?
ಕಡ್ಡಿ ಹಿಡಿದು ಬಗ್ಗಿದವನಿಗೆ ಅವಳೇ ಹೇಳಿರಬೇಕು,
'ಇದಕ್ಕೆ ಬೇರೆ ಮುರಿ' ಎಂದು.
ನಾಲ್ಕು ಹಾಳೆಯಲ್ಲಿ
ಅವಳು ಆಡಿದ ಮಾತು ಅದೊಂದೇ.
ವಿಳಾಸ ಬರೆದಿರಲಿಲ್ಲ.
ತಡವಾಗಿ ಬಂತು.

ರಾತ್ರಿ ಹತ್ತಕ್ಕೆ ದೊಡ್ಡಮ್ಮನಿಗೆ ಫೋನು ಮಾಡಿದೆ.
"ನಿನ್ನ ಎಡಗಾಲು ಎಷ್ಟುದ್ದ?"
ಬಹಳ ಹೊತ್ತು ಬರೀ ಉಸಿರು, ಮಂಚದ ಕಿರುಗುಟ್ಟು,
ಹೊದಿಕೆ ಸರಿಸಿದ ಸದ್ದು.
"ಯಾಕೆ," ಅಂದಳು,
"ಬೂಟು ಹೊಲಿಸ್ತೀಯಾ?"