ಮಡ್ಡಿ

ಪಾಂಡವಪುರ ದಾಟಿ, ನಾಲೆ ಏರಿಯಿಂದ
ಕೂಗಳತೆಗೆ ನಮ್ಮ ಆಲೆಮನೆ.
ನಮ್ಮದಲ್ಲ, ಜವರಪ್ಪನದು.
ನಾನು ಅಲ್ಲಿ ಮಡ್ಡಿ ತೆಗೆಯುವವನು,
ಹತ್ತೊಂಬತ್ತು ವರ್ಷದಿಂದ.
ಮೊದಲ ದಿನ ಪಾಕ ನೋಡುವ ಕೆಂಚಾಳಯ್ಯ
ಉದ್ದ ಹಿಡಿಯ ಜಾಲರಿ ಸೌಟು ಕೈಗಿಟ್ಟು ಹೇಳಿದ್ದಿಷ್ಟೇ:
'ಮೇಲಕ್ ಬಂದುದ್ದೆಲ್ಲ ಕೆನೆ ಅಲ್ಲ ಕನ್ಲಾ.'

ಕಬ್ಬಿನ ಹಾಲು ಕಾಯುತ್ತದೆ. ಸುಣ್ಣದ ತಿಳಿ ಬೀಳುತ್ತದೆ,
ಜಜ್ಜಿದ ಬೆಂಡೆದಂಟಿನ ಲೋಳೆ ಬೀಳುತ್ತದೆ.
ಆಮೇಲೆ ಏಳುತ್ತದೆ ನೋಡಿ
ಮಣ್ಣು, ಮೇಣ, ಇರುವೆ, ಸೋಗೆಯ ಚೂರು,
ಗದ್ದೆಯಲ್ಲಿ ಯಾರೋ ಉಗಿದ ಎಲೆಯಡಿಕೆಯೂ ಇದ್ದೀತು,
ಎಲ್ಲ ಒಟ್ಟಾಗಿ, ನೊರೆನೊರೆಯಾಗಿ,
ಹಾಲಿಗಿಂತ ಎತ್ತರಕ್ಕೆ, ಹಾಲಿಗಿಂತ ಸದ್ದಾಗಿ.
ಆ ಗಳಿಗೆ ತಪ್ಪಿದರೆ ಮತ್ತೆ ಒಳಕ್ಕಿಳಿದು
ಹಾಲಿನೊಳಗೆ ಹಾಲಾಗಿ ಕೂರುತ್ತದೆ.
ಯಾವ ಸೌಟಿಗೂ ಸಿಕ್ಕುವುದಿಲ್ಲ.

ಹೋದ ವರ್ಷ ಭಾವಮೈದ ತನ್ನ ಹಳೇ ಫೋನು ಕೊಟ್ಟ.
ರಾತ್ರಿ ಪಾಳಿ. ಬಲಗೈಲಿ ಸೌಟು, ಎಡಗೈಲಿ ಅದು.
ಮೊದಮೊದಲು ಟಗರು ಕಾಳಗ, ಯಾರದೋ ಮದುವೆಯ ಜಗಳ.
ನಾನು ಎಲ್ಲಿ ತಡೆದು ನಿಲ್ಲುತ್ತೇನೆಂದು
ಅದಕ್ಕೆ ಬೇಗ ಗೊತ್ತಾಯಿತು.
ಒಬ್ಬ ಕೂಗುವವನನ್ನು ಕಳಿಸಿತು,
ಹಿಂದೆಯೇ, ಅವನಿಗಿಂತ ಜೋರಾದ ಇನ್ನೊಬ್ಬನನ್ನು.
ಹದಿನೈದೇ ದಿನ,
ಎಂದೂ ಕಾಣದ ಜನರ ಮೇಲೆ ನನಗೆ ಸಿಟ್ಟು ಬಂದಿತ್ತು,
ಅವರ ಊಟದ ಮೇಲೆ, ಉಡುಪಿನ ಮೇಲೆ.
ಸಾಕಮ್ಮ ಅಂದಳು, ಮುದ್ದೆ ತಿರುವುತ್ತಾ:
'ನೀನ್ ಮಾತಾಡ್ತಿದ್ರೆ
ಮನೇಲಿ ಬ್ಯಾರೆ ಯಾರೋ ಅವ್ರೆ ಅನ್ಸುತ್ತೆ.'

ಆ ಗುರುವಾರ ಬಂತು ಒಂದು ಧ್ವನಿ, ಮುಖವಿಲ್ಲದ್ದು:
ಮಕ್ಕಳ ಕಳ್ಳರು ಇಳಿದಿದ್ದಾರೆ,
ಪಾತ್ರೆ ಮಾರುವ ವೇಷ, ಜೋಪಾನ.
ನಲವತ್ತು ಜನಕ್ಕೆ ದಾಟಿಸಿದೆ.
ಆಗ ಕೊಪ್ಪರಿಗೆಯಲ್ಲಿ ಮಡ್ಡಿ ಎದ್ದಿತ್ತು.

ಬೆಳಗ್ಗೆ ಹಾಲಿನ ಡೈರಿ ಮುಂದೆ
ಕೂದಲಿಗೆ ಪಾತ್ರೆ ಕೊಡುವ ಹೆಂಗಸನ್ನು ಸುತ್ತುಗಟ್ಟಿದ್ದರು.
ಏಳೆಂಟು ವರ್ಷದಿಂದ ಬರುವವಳು.
ನಮ್ಮ ಮನೆಯ ಇಡ್ಲಿ ತಟ್ಟೆ ಅವಳದೇ,
ಸಾಕಮ್ಮನ ಬಾಚಣಿಗೆಯ ಮೂರು ವರ್ಷ ಅದರಲ್ಲಿದೆ.
ಯಾರೋ ಮೂಟೆ ಒದ್ದರು.
ಸಿಕ್ಕುಸಿಕ್ಕಾದ ಕೂದಲು, ನಮ್ಮೂರ ಹೆಂಗಸರದೇ,
ಗಾಳಿಗೆ ಬೀದಿಯುದ್ದ ಉರುಳಿತು.
'ಯಾವೂರು? ಯಾರ ಪೈಕಿ? ಏನ್ ಆಧಾರ ಐತೆ?'
ಅವಳನ್ನು ಎಲ್ಲರೂ ಕೇಳಿದರು.
ಒಬ್ಬ ಹುಡುಗ ಫೋನನ್ನು ಅವಳ ಕಿವಿಗೇ ಹಿಡಿದ.
ಅದರೊಳಗಿನ ಧ್ವನಿಯನ್ನು
ಯಾವೂರು ಎಂದು ನಾನು ಕೇಳಿರಲಿಲ್ಲ.

ನಾನು ಬಾಯಿ ಬಿಡಲಿಲ್ಲ.
ಬಿಟ್ಟವಳು ಅಂಗನವಾಡಿಯ ದೇವೀರಮ್ಮ,
ಆಕೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.
ಜನ ಚದುರಿತು.
ಅವಳು ಹೋದಳು, ಒಂದೇ ಚಪ್ಪಲಿಯಲ್ಲಿ.

ಆ ರಾತ್ರಿಯ ಪಾಕ ಕರ್ರಗೆ ಅಚ್ಚಿಗಿಳಿದಿತ್ತು.
ಜವರಪ್ಪ ಅಂದ: 'ನಾಳೀಕ್ ಪುಡಿ ಜಾಸ್ತಿ ಹಾಕ್ಬುಡು.'
ಹಾಕಿದರೆ ಎಂಥ ಹಾಲೂ ಚಿನ್ನ.
ಮಂಡ್ಯದ ಮಂಡಿಯಲ್ಲಿ ಕಣ್ಣಿಗೇ ರೇಟು,
ನಾಲಿಗೆ ಸರದಿ ಬರುವುದು ಆಮೇಲೆ.
ಹಾಕಲಿಲ್ಲ ಅನ್ನಲಾರೆ. ಆ ವಾರ ಹಾಕಿದೆ.

ಈಗ ಮಡ್ಡಿ ಮುಗಿಯುವ ತನಕ
ಫೋನು ಸುಣ್ಣದ ಡಬ್ಬದ ಪಕ್ಕ ಮಕಾಡೆ ಮಲಗಿರುತ್ತದೆ.
ಆಮೇಲೆ ತೆಗೆಯುತ್ತೇನೆ, ಸುಳ್ಳೇಕೆ.
ಯಾರಾದರೂ ಕೂಗಿದರೆ ಒಲೆಯ ಬೆಳಕಲ್ಲಿ ಕೂತು ಕೇಳುತ್ತೇನೆ:
ಯಾವೂರಪ್ಪಾ ನಿಂದು? ಯಾರ ಪೈಕಿ?
ಬಹಳ ಜನ ಉತ್ತರ ಕೊಡುವುದಿಲ್ಲ.
ಕೆಲವು ಸಲ ಕೇಳಲು ಮರೆಯುತ್ತೇನೆ.

ಮೊನ್ನೆ ಅವಳು ಬಂದಳು,
ಊರೊಳಕ್ಕಲ್ಲ, ಏರಿ ಮೇಲೆ ಹಾಯ್ದು ಹೋಗುತ್ತಿದ್ದಳು.
ಓಡಿಹೋಗಿ ಒಂದಚ್ಚು ಬೆಲ್ಲ ಚಾಚಿದೆ.
ಪುಡಿ ಹಾಕದ್ದು, ಮಣ್ಣಿನ ಬಣ್ಣದ್ದು.
ಏನೂ ಹೇಳಲಾಗಲಿಲ್ಲ.
ಅವಳು ನನ್ನ ಮುಖ ನೋಡಲಿಲ್ಲ, ಬೆಲ್ಲ ನೋಡಿದಳು.
ತಿರುಗಿಸಿ ಬಿಸಿಲಿಗೆ ಹಿಡಿದಳು,
ಮೂಸಿದಳು,
ಉಗುರಿನಲ್ಲಿ ಒಂದು ಕಾಳಷ್ಟು ಚಿವುಟಿ
ನಾಲಿಗೆ ಮೇಲಿಟ್ಟುಕೊಂಡು
ಕಾದಳು.
ನಾನೂ ಕಾದೆ.